ಒಂದು ಟೀ ಶರ್ಟಿಗೆ ಹದಿನಾರು ನಿಮಿಷ

ಆರ್.ಟಿ. ನಗರದ ಮುಖ್ಯರಸ್ತೆಯಲ್ಲೋ ಯಲಹಂಕ ಉಪನಗರದಲ್ಲೋ ಇವತ್ತು 300 ರೂಪಾಯಿ ಕೊಟ್ಟರೆ ಸಾದಾ ಹತ್ತಿಯ ಒಳ್ಳೆಯ ಟೀ ಶರ್ಟ್ ಸಿಗುತ್ತದೆ. ಹೊಲದ ಹತ್ತಿ ನೂಲಾಗಿ, ಹೆಣೆದ ಬಟ್ಟೆಯಾಗಿ, ಬಣ್ಣ ಕಂಡು, ಕತ್ತರಿಸಿ ಹೊಲಿದು ಇಸ್ತ್ರಿಯಾಗಿ, ಲಾರಿ ಬಾಡಿಗೆ, ಅಂಗಡಿ ಬಾಡಿಗೆ, ಜಿಎಸ್‌ಟಿ ಎಲ್ಲವನ್ನೂ ಹೊತ್ತುಕೊಂಡು ಬಂದ ಮೇಲೂ ಅದರ ಬೆಲೆ ಅಷ್ಟೇ. ಇದು ಹೇಗೆ ಸಾಧ್ಯ ಎಂದು ಕೇಳಿದರೆ ಹೆಚ್ಚಿನವರು ಹೇಳುವ ಉತ್ತರ ಒಂದೇ: ಹೊಲಿಯುವವರಿಗೆ ಕಡಿಮೆ ಕೊಡುತ್ತಾರೆ, ಅದಕ್ಕೇ ಅಗ್ಗ. ಕಾರ್ಖಾನೆ ಮಾಲೀಕರು ಇದನ್ನೇ ತಿರುಗಿಸಿ ಹೇಳುತ್ತಾರೆ: ಕೂಲಿ ಏರಿಸಿದರೆ ಉದ್ಯಮವೇ ಉಳಿಯುವುದಿಲ್ಲ. ಎದುರುಬದುರು ನಿಂತ ಈ ಎರಡು ವಾದಗಳ ಬುಡದಲ್ಲಿರುವ ನಂಬಿಕೆ ಮಾತ್ರ ಒಂದೇ. ಅಗ್ಗದ ಬಟ್ಟೆಗೆ ಅಗ್ಗದ ಕೂಲಿಯೇ ಆಧಾರ ಎಂಬ ಆ ನಂಬಿಕೆ ತಪ್ಪು ಎಂದು ನನ್ನ ವಾದ. ಯಶವಂತಪುರದಿಂದ ಪೀಣ್ಯದವರೆಗೆ ತುಮಕೂರು ರಸ್ತೆಯ ಉದ್ದಕ್ಕೂ ಬೆಳೆದ ಗಾರ್ಮೆಂಟ್ಸ್ ಉದ್ಯಮದ ಲೆಕ್ಕವೇ ಅದಕ್ಕೆ ಸಾಕ್ಷಿ ಹೇಳುತ್ತದೆ.

ಬೆಂಗಳೂರಿಗೆ ಬಟ್ಟೆಯ ಕೆಲಸ ಹೊಸದಲ್ಲ. ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಗಿರಣಿ ಶುರುವಾದದ್ದು 1884ರಲ್ಲಿ. ಆದರೆ ಆ ಗಿರಣಿಗಳು ನೂಲು ತೆಗೆದು ಬಟ್ಟೆ ನೇಯುತ್ತಿದ್ದವು, ಅಲ್ಲಿ ದುಡಿದವರಲ್ಲಿ ಹೆಚ್ಚಿನವರು ಗಂಡಸರು. ಸಿದ್ಧ ಉಡುಪಿನ ಕಾರ್ಖಾನೆಗಳು ಬಂದದ್ದು ಅವು ಬಡವಾಗತೊಡಗಿದ ಕಾಲದಲ್ಲಿ. ಯಶವಂತಪುರದ ಇಂಡಸ್ಟ್ರಿಯಲ್ ಸಬರ್ಬ್‌ನಲ್ಲಿ ಕಚೇರಿ ಹೊಂದಿರುವ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ 1979ರಲ್ಲಿ ಪಾಲುದಾರಿಕೆಯ ಸಂಸ್ಥೆಯಾಗಿ ಆರಂಭವಾಯಿತು. ಯಾವ ದೇಶ ಎಷ್ಟು ಉಡುಪು ಕಳಿಸಬಹುದು ಎಂದು ಅಮೆರಿಕ, ಯೂರೋಪು ಮಿತಿ ಹಾಕಿದ್ದ ಕೋಟಾ ಪದ್ಧತಿ 1974ರಿಂದ 2004ರ ಕೊನೆಯವರೆಗೆ ನಡೆಯಿತು. ಆ ಮಿತಿಯೇ ಒಂದು ರೀತಿಯಲ್ಲಿ ರಕ್ಷಣೆಯೂ ಆಗಿತ್ತು: ಭಾರತದ ಪಾಲಿನ ಆರ್ಡರ್ ಭಾರತಕ್ಕೆ ಬರಲೇಬೇಕಿತ್ತು. 2005ರ ಜನವರಿ 1ರಿಂದ ಆ ಗೋಡೆ ಬಿತ್ತು. ಅಲ್ಲಿಂದಾಚೆಗೆ ಪೀಣ್ಯದ ಒಂದು ಬ್ಯಾಚು (ಸಾಲಾಗಿ ಕೂತು ಹೊಲಿಯುವ ಒಂದು ತಂಡ) ಢಾಕಾ, ಹೊ ಚಿ ಮಿನ್ ನಗರಗಳ ಬ್ಯಾಚಿನೊಂದಿಗೆ ನೇರವಾಗಿ ಪೈಪೋಟಿಗೆ ಇಳಿಯಬೇಕಾಯಿತು. ಅಷ್ಟರಲ್ಲಿ ದಾಸರಹಳ್ಳಿ, ಲಗ್ಗೆರೆ, ಜಾಲಹಳ್ಳಿಗಳಿಂದ ಬೆಳಿಗ್ಗೆ ಗಾರ್ಮೆಂಟ್ಸ್‌ಗೆ ಹೊರಡುವ ಹೆಣ್ಣುಮಕ್ಕಳ ಸಾಲು ಈ ಊರಿನ ಬದುಕಿನ ಭಾಗವೇ ಆಗಿಹೋಗಿತ್ತು.

ಬನಿಯನ್, ಟೀ ಶರ್ಟ್, ನೈಟ್ ಪ್ಯಾಂಟ್, ಒಳ ಉಡುಪುಗಳಂಥ ನಿತ್ಯದ ಸಾದಾ ಬಟ್ಟೆ ಮಾಡುವವರ ವ್ಯಾಪಾರ ಫ್ಯಾಷನ್ ಬಟ್ಟೆಯವರ ವ್ಯಾಪಾರಕ್ಕಿಂತ ಬೇರೆ. ಫ್ಯಾಷನ್ ಬಟ್ಟೆ ಓಡಿದರೆ ಓಡಿತು, ಇಲ್ಲವಾದರೆ ಅರ್ಧಬೆಲೆಗೆ ಹೋಗಬೇಕು. ಕಪ್ಪು ದುಂಡು ಕೊರಳಿನ ಟೀ ಶರ್ಟಿಗೆ ಆ ಭಯ ಇಲ್ಲ. ಈ ವರ್ಷ ಉಳಿದದ್ದು ಮುಂದಿನ ವರ್ಷ ಮಾರಾಟವಾಗುತ್ತದೆ. ಒಂದೇ ಅಳತೆ, ಒಂದೇ ಹೊಲಿಗೆ, ಒಂದೇ ಬಟ್ಟೆ ತಿಂಗಳುಗಟ್ಟಲೆ ನಡೆಯುವುದರಿಂದ ಕೈಗಳು ಪಳಗುತ್ತವೆ, ಬಟ್ಟೆಯನ್ನು ಮೊದಲೇ ಸಗಟಾಗಿ ಕೊಳ್ಳಬಹುದು, ಯಂತ್ರಗಳನ್ನು ಆ ಒಂದು ಕೆಲಸಕ್ಕೇ ಹೊಂದಿಸಿಡಬಹುದು. 1984ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ಗಿಲ್ಡನ್ ಕಂಪನಿ ಈ ದಾರಿಯನ್ನು ಕೊನೆಯವರೆಗೂ ನಡೆದು ನೋಡಿತು. ಯಾವ ಚಿತ್ರವೂ ಇಲ್ಲದ ಖಾಲಿ ಟೀ ಶರ್ಟುಗಳನ್ನು ಮುದ್ರಣದವರಿಗೆ ಮಾರುವುದು ಅದರ ಮುಖ್ಯ ವ್ಯಾಪಾರ. ನೂಲು ತೆಗೆಯುವುದು, ಬಟ್ಟೆ ಹೆಣೆಯುವುದು, ಹೊಲಿಯುವುದು ಎಲ್ಲ ಸ್ವಂತದ್ದೇ. ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಜಾಕಿ ಬ್ರಾಂಡಿನ ಪರವಾನಗಿ ಪಡೆದ ಬೆಂಗಳೂರಿನ ಪೇಜ್ ಇಂಡಸ್ಟ್ರೀಸ್. 1994ರಲ್ಲಿ ಸ್ಥಾಪನೆಯಾದ ಈ ಕಂಪನಿಯ ಬೆಲೆ ಅಗ್ಗದ ಸಾಲಿಗೆ ಸೇರದು, ಆದರೆ ಮಾಡುವುದು ನಿತ್ಯದ ಉಡುಪನ್ನೇ. ಬಹುಪಾಲನ್ನು ಹಾಸನ, ಮೈಸೂರು, ಗೌರಿಬಿದನೂರು, ತಿಪಟೂರಿನಂಥ ಊರುಗಳಲ್ಲೂ ಹರಡಿರುವ ಸ್ವಂತ ಕಾರ್ಖಾನೆಗಳಲ್ಲಿ ಹೊಲಿಸುತ್ತದೆ. ನಾಳೆ ಏನು ಮಾರಾಟವಾಗುತ್ತದೆ ಎಂಬುದು ಇವತ್ತೇ ಗೊತ್ತಿರುವುದು ಈ ಎಲ್ಲರ ದೊಡ್ಡ ಬಲ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಉಡುಪು ಹೊಲಿಯಲು ಪಳಗಿದ ಕೈಗೆ ಎಷ್ಟು ನಿಮಿಷ ಬೇಕು ಎಂಬುದೇ ಗಾರ್ಮೆಂಟ್ಸ್‌ನ ಮೂಲ ಅಳತೆ. ಉದ್ಯಮದವರು ಅದನ್ನು ಸ್ಯಾಮ್ ಎನ್ನುತ್ತಾರೆ. ಸಾದಾ ಟೀ ಶರ್ಟಿಗೆ ಸುಮಾರು 8 ನಿಮಿಷ, ಕಾಲರಿನ ಫಾರ್ಮಲ್ ಶರ್ಟಿಗೆ 20ರ ಆಸುಪಾಸು. ಆದರೆ ದಿನವಿಡೀ ಯಾರೂ ಆ ವೇಗದಲ್ಲಿ ಹೊಲಿಯಲಾರರು. ದಾರ ತುಂಡಾಗುತ್ತದೆ, ಹಿಂದಿನ ಮೆಷಿನ್‌ನಿಂದ ಪೀಸ್ ಬರುವುದು ತಡವಾಗುತ್ತದೆ, ತಪ್ಪು ಹೊಲಿಗೆ ಆಲ್ಟ್ರೇಷನ್‌ಗೆ ವಾಪಸ್ ಬರುತ್ತದೆ, ಸ್ಟೈಲ್ ಬದಲಾದ ದಿನ ಬ್ಯಾಚೇ ತಡವರಿಸುತ್ತದೆ. ಭಾರತದ ಕಾರ್ಖಾನೆಗಳಲ್ಲಿ ಕೊಟ್ಟ ನಿಮಿಷಗಳ ಸುಮಾರು ಅರ್ಧದಷ್ಟು ಮಾತ್ರ ಬಟ್ಟೆಯಾಗಿ ಹೊರಬರುವುದು ಸಾಮಾನ್ಯ. ಹಾಗಾಗಿ 8 ನಿಮಿಷದ ಟೀ ಶರ್ಟಿಗೆ ಕಾರ್ಖಾನೆ 16 ನಿಮಿಷದ ಕೂಲಿ ಕೊಡುತ್ತದೆ. ಟೇಲರ್ ಒಬ್ಬರ ತಿಂಗಳ ಕೂಲಿ 13,000 ರೂಪಾಯಿ ಎಂದಿಟ್ಟುಕೊಳ್ಳೋಣ. ಬೆಂಗಳೂರಿನ ಗಾರ್ಮೆಂಟ್ಸ್ ಕೂಲಿ ಇತ್ತೀಚಿನ ವರ್ಷಗಳಲ್ಲಿ ಅದರ ಸುತ್ತಮುತ್ತಲೇ ಇದೆ. 26 ದಿನ, ದಿನಕ್ಕೆ 8 ಗಂಟೆ ಎಂದರೆ 12,480 ನಿಮಿಷ. ಅಂದರೆ ನಿಮಿಷಕ್ಕೆ ಒಂದು ರೂಪಾಯಿ ನಾಲ್ಕು ಪೈಸೆ, ಟೀ ಶರ್ಟಿನ ಹೊಲಿಗೆಗೆ ಹೆಚ್ಚುಕಡಿಮೆ 17 ರೂಪಾಯಿ. ಪಿಎಫ್, ಇಎಸ್‌ಐ, ಬೋನಸ್, ಗ್ರಾಚುಟಿ ಹಾಗೂ ಕಟಿಂಗ್, ಚೆಕಿಂಗ್, ಐರನಿಂಗ್, ಪ್ಯಾಕಿಂಗ್‌ನವರ ಪಾಲು ಸೇರಿಸಿದರೆ 30ರ ಹತ್ತಿರ ಹೋಗುತ್ತದೆ. ಅದೇ ಟೀ ಶರ್ಟಿಗೆ ಹಿಡಿಯುವ ಬಟ್ಟೆ ಕಾಲು ಕಿಲೋಗೆ ತುಸು ಕಡಿಮೆ. ಕಿಲೋಗೆ 420 ರೂಪಾಯಿ ಎಂದು ಹಿಡಿದರೂ ಬಟ್ಟೆಗೇ 100 ರೂಪಾಯಿ ಬೇಕು. ದಾರ, ಲೇಬಲ್, ಕವರ್, ಕರೆಂಟು, ಬಾಡಿಗೆ, ಬಡ್ಡಿ ಎಲ್ಲ ಸೇರಿ ಕಾರ್ಖಾನೆಯ ಬಾಗಿಲು ದಾಟುವಾಗ ಅದರ ಖರ್ಚು 150. ಇದರಲ್ಲಿ ಮೂರನೇ ಎರಡು ಭಾಗ ಬಟ್ಟೆ, ಐದನೇ ಒಂದು ಭಾಗ ಎಲ್ಲರ ಕೂಲಿ. ಅಂಗಡಿಯ 300 ರೂಪಾಯಿಗೆ ಹೋಲಿಸಿದರೆ ಕೂಲಿಯ ಪಾಲು ಹತ್ತನೇ ಒಂದು.

ಇಷ್ಟು ಸಣ್ಣ ಪಾಲಿನ ಮೇಲೆ ಇಷ್ಟು ದೊಡ್ಡ ಒತ್ತಡ ಯಾಕೆ? ಕಾರಣ ಕಾರ್ಖಾನೆಯ ನಿಲುವಿನಲ್ಲೇ ಇದೆ. ನೂಲಿನ ದರವನ್ನು ಹತ್ತಿಯ ಮಾರುಕಟ್ಟೆ ತೀರ್ಮಾನಿಸುತ್ತದೆ. ರಫ್ತಿನ ಉಡುಪಾದರೆ ಬಟ್ಟೆಯನ್ನು ಯಾರಿಂದ ಕೊಳ್ಳಬೇಕು ಎಂಬುದನ್ನೂ ಎಷ್ಟೋ ಸಲ ಬೈಯರ್ ಹೇಳುತ್ತಾನೆ. ಮಾರುವ ಬೆಲೆ ಹೇಳುವವನೂ ಅವನೇ. ಮೇಲಿನದ್ದೂ ಕೆಳಗಿನದ್ದೂ ಕೈಮೀರಿದ ಮೇಲೆ ನಡುವೆ ಉಳಿಯುವುದು ಹೊಲಿಯುವವರ ನಿಮಿಷ ಮಾತ್ರ. ಅದಕ್ಕೇ ಪ್ರತಿ ಗಂಟೆಯ ಪ್ರೊಡಕ್ಷನ್ ಬೋರ್ಡಿನ ಮೇಲೆ ಏರುತ್ತದೆ, ಟಾರ್ಗೆಟ್ ಮುಟ್ಟದ ಬ್ಯಾಚಿನ ಮೇಲೆ ಸೂಪರ್‌ವೈಸರ್ ದನಿ ಏರುತ್ತದೆ, ನೀರು ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆ ಎಂದು ಹೆಂಗಸರು ನೀರನ್ನೇ ಕಡಿಮೆ ಕುಡಿಯುವ ಸ್ಥಿತಿ ಬರುತ್ತದೆ. ಕಾರ್ಮಿಕ ಸಂಘಟನೆಗಳು ವರ್ಷಗಳಿಂದ ಇದನ್ನು ಹೇಳುತ್ತಲೇ ಬಂದಿವೆ.

ಈ ಒತ್ತಡ ಎಷ್ಟು ಅರ್ಥಹೀನ ಎಂಬುದಕ್ಕೆ ಕೊರೋನಾ ಕಾಲದ ಒಂದು ಪ್ರಕರಣ ಸಾಕು. ಕನಿಷ್ಠ ಕೂಲಿಯೊಂದಿಗೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬೆಲೆಯೇರಿಕೆಗೆ ತಕ್ಕಂತೆ ತುಟ್ಟಿಭತ್ಯೆ ಸೇರಬೇಕು. 2020ರ ಏಪ್ರಿಲ್‌ನಲ್ಲಿ ಸೇರಬೇಕಾಗಿದ್ದ ಮೊತ್ತ ತಿಂಗಳಿಗೆ 417 ರೂಪಾಯಿ 60 ಪೈಸೆ. ರಾಜ್ಯ ಸರ್ಕಾರ ಆ ಜುಲೈನಲ್ಲಿ ಅದನ್ನು ಮುಂದೂಡಿತು. ಮುಂದೂಡಿದರೂ ಕೊಡಲೇಬೇಕು ಎಂದು ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ಹೇಳಿತು. ಆದರೂ ಕರ್ನಾಟಕದ ಬಹಳಷ್ಟು ಕಾರ್ಖಾನೆಗಳು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅದನ್ನು ಕೊಡಲಿಲ್ಲ. ವಿಷಯ ಹೊರದೇಶದ ಪತ್ರಿಕೆಗಳಿಗೆ ಹೋಗಿ, ಬ್ರಾಂಡುಗಳು ಮುಜುಗರಕ್ಕೆ ಒಳಗಾದ ಮೇಲೆ ಬಾಕಿ ಕೈಸೇರತೊಡಗಿತು. ದಿನಕ್ಕೆ 16 ರೂಪಾಯಿಯ ಈ ಭತ್ಯೆಯನ್ನು ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ. ಒಬ್ಬ ಟೇಲರ್ ಪಾಲಿಗೆ ದಿನಕ್ಕೆ 30 ಟೀ ಶರ್ಟಿನಷ್ಟು ಕೆಲಸ ಬೀಳುತ್ತದೆ. ಒಂದಕ್ಕೆ ಸೇರುವುದು 54 ಪೈಸೆ. ಅದೇ ಬ್ಯಾಚಿನ ಕಾರ್ಯಕ್ಷಮತೆ, ಅಂದರೆ ಕೊಟ್ಟ ನಿಮಿಷಗಳಲ್ಲಿ ಬಟ್ಟೆಯಾಗುವ ಪಾಲು, ನೂರಕ್ಕೆ 50ರಿಂದ 60ಕ್ಕೆ ಏರಿದ್ದರೆ ಪ್ರತಿ ಟೀ ಶರ್ಟಿನಲ್ಲಿ ಎರಡೂ ಮುಕ್ಕಾಲು ರೂಪಾಯಿ ಉಳಿಯುತ್ತಿತ್ತು, ಭತ್ಯೆಯ ಐದರಷ್ಟು. ಕಟಿಂಗ್ ಟೇಬಲ್ಲಿನ ಮೇಲೆ ನೂರಕ್ಕೆ ಎರಡರಷ್ಟು ಬಟ್ಟೆ ಕಡಿಮೆ ಹಾಳಾಗಿದ್ದರೂ ಎರಡು ರೂಪಾಯಿ ಉಳಿಯುತ್ತಿತ್ತು. ಈ ಕೂಲಿಯಿಂದಲೇ ಮಕ್ಕಳ ಫೀಸು ಕಟ್ಟುವ ಹೆಂಗಸರಿಗೆ ದೊಡ್ಡದಾದ, ಬಟ್ಟೆಯ ಬೆಲೆಯಲ್ಲಿ ಕಾಣದಷ್ಟು ಸಣ್ಣದಾದ ಹಣವನ್ನು ತಡೆಹಿಡಿದದ್ದು ಅನ್ಯಾಯ ಮಾತ್ರವಾಗಿರಲಿಲ್ಲ. ವ್ಯಾಪಾರದ ದೃಷ್ಟಿಯಿಂದಲೂ ಉಳಿತಾಯವನ್ನು ತಪ್ಪು ಜಾಗದಲ್ಲಿ ಹುಡುಕಿದಂತಾಯಿತು.

ಸರಿಯಾದ ಜಾಗ ಎಲ್ಲಿ ಎಂಬುದಕ್ಕೆ ಉತ್ತರ ಬೆಂಗಳೂರಿನಲ್ಲೇ ಸಿಕ್ಕಿದೆ. ಅಚ್ಯುತ ಅಧ್ವರ್ಯು, ಅನಂತ್ ನ್ಯಶಾಧಮ್ ಮೊದಲಾದ ಅರ್ಥಶಾಸ್ತ್ರಜ್ಞರು ಶಾಹಿ ಎಕ್ಸ್‌ಪೋರ್ಟ್ಸ್‌ನ ಇಲ್ಲಿನ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಅಧ್ಯಯನ ನಡೆಸಿದ್ದಾರೆ. ಹಳೆಯ ಟ್ಯೂಬ್‌ಲೈಟುಗಳ ಬದಲು ಕಡಿಮೆ ಬಿಸಿ ಸೂಸುವ ಎಲ್‌ಇಡಿ ಹಾಕಿದಾಗ ಬಿಸಿಲಿನ ದಿನಗಳಲ್ಲೂ ಹೊಲಿಗೆಯ ವೇಗ ಹೆಚ್ಚು ಕುಂದಲಿಲ್ಲ. ಕರೆಂಟ್ ಬಿಲ್ಲಿನ ಉಳಿತಾಯವನ್ನಷ್ಟೇ ನೋಡಿದರೆ ಆ ಖರ್ಚು ವಾಪಸಾಗಲು ಮೂರು ವರ್ಷಕ್ಕೂ ಹೆಚ್ಚು ಬೇಕಿತ್ತು. ಹೆಚ್ಚಿದ ಉತ್ಪಾದನೆಯನ್ನು ಸೇರಿಸಿದಾಗ ಎಂಟು ತಿಂಗಳೊಳಗೆ ವಾಪಸಾಯಿತು. ಇನ್ನೊಂದು ಪ್ರಯೋಗದಲ್ಲಿ ಮಾತುಕತೆ, ಸಮಯ ಹೊಂದಿಸಿಕೊಳ್ಳುವುದು, ಸಮಸ್ಯೆ ಬಿಡಿಸುವುದು ಇಂಥ ವಿಷಯಗಳಲ್ಲಿ ಹೆಣ್ಣುಮಕ್ಕಳಿಗೆ ಸುಮಾರು 80 ಗಂಟೆಗಳ ತರಬೇತಿ ಕೊಟ್ಟರು. ಅವರ ಉತ್ಪಾದನೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿತು, ಹಾಕಿದ ಹಣದ ಎರಡು ಪಟ್ಟಿಗೂ ಮೀರಿ ಲಾಭ ಕಂಪನಿಗೆ ತಿಂಗಳುಗಳಲ್ಲೇ ಬಂತು. ಇದೇ ಅಧ್ಯಯನದ ಇನ್ನೊಂದು ಸಾಲು ನನ್ನನ್ನು ಕಾಡುತ್ತದೆ: ಉತ್ಪಾದನೆ ಅಷ್ಟು ಏರಿದರೂ ಆ ಹೆಣ್ಣುಮಕ್ಕಳ ಕೂಲಿ ಏರಿದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಮೂರನೆಯದು 2016ರಲ್ಲಿ, ಕೂಲಿ ಏರಿಕೆ ನಿರೀಕ್ಷಿಸಿದ್ದಕ್ಕಿಂತ ತೀರಾ ಕಡಿಮೆ ಬಂದ ಹೊತ್ತಿನಲ್ಲಿ ನಡೆದದ್ದು. ಕೆಲಸದ ಬಗ್ಗೆ, ಸೂಪರ್‌ವೈಸರ್ ಬಗ್ಗೆ ಅಭಿಪ್ರಾಯ ಹೇಳಲು ಅವಕಾಶ ಸಿಕ್ಕವರು ಕೆಲಸ ಬಿಟ್ಟುಹೋಗುವುದು ಗಣನೀಯವಾಗಿ ಕಡಿಮೆಯಾಯಿತು. ಬಿಟ್ಟುಹೋಗುವುದೇ ಈ ಉದ್ಯಮದ ದೊಡ್ಡ ಸೋರಿಕೆ. ಪಳಗಿದ ಟೇಲರ್ ಹೋದರೆ ಹೊಸಬರು ಆ ವೇಗಕ್ಕೆ ಬರಲು ತಿಂಗಳುಗಳೇ ಬೇಕು. ಕೂಲಿಯಲ್ಲಿ ಉಳಿತಾಯ ಆಗದ್ದರಿಂದ ಎಷ್ಟೋ ಮಂದಿ ನಾಲ್ಕೈದು ವರ್ಷಕ್ಕೊಮ್ಮೆ ಕೆಲಸ ಬಿಟ್ಟು ಪಿಎಫ್ ತೆಗೆದು ಸಾಲ ತೀರಿಸಿ, ಮತ್ತೊಂದು ಕಾರ್ಖಾನೆಗೆ ಸೇರುತ್ತಾರೆ. ಆ ಹಣ 58 ವರ್ಷದವರೆಗೆ ಪೂರ್ತಿಯಾಗಿ ಸಿಗದು ಎಂಬ ಕೇಂದ್ರದ ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಿಂದ ತುಮಕೂರು ರಸ್ತೆಯವರೆಗೆ ಹೆಣ್ಣುಮಕ್ಕಳು ಬೀದಿಗಿಳಿದರು. ಎರಡನೆಯ ದಿನವೇ ನಿಯಮ ವಾಪಸಾಯಿತು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು ಬಾಂಗ್ಲಾದೇಶ. ಅಲ್ಲಿ 2023ರ ಡಿಸೆಂಬರ್‌ನಿಂದ ಉಡುಪು ಕಾರ್ಮಿಕರ ಕನಿಷ್ಠ ಕೂಲಿ ತಿಂಗಳಿಗೆ 12,500 ಟಾಕಾ, ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಯೂ ಆಗದು. ಅವರೊಂದಿಗೆ ಸೆಣಸುವಾಗ ಕೂಲಿ ಏರಿಸುವುದು ಹೇಗೆ? ಆದರೆ ಬಾಂಗ್ಲಾದ ಗೆಲುವಿಗೆ ಕೂಲಿಯೊಂದೇ ಕಾರಣ ಅಲ್ಲ. ಹಿಂದುಳಿದ ದೇಶ ಎಂಬ ನೆಲೆಯಲ್ಲಿ 2001ರಿಂದ ಅದರ ಉಡುಪು ಯೂರೋಪಿಗೆ ಸುಂಕವಿಲ್ಲದೆ ಹೋಗುತ್ತಿದ್ದರೆ, ನಮ್ಮ ಉಡುಪು ನೂರಕ್ಕೆ ಒಂಬತ್ತಕ್ಕೂ ಹೆಚ್ಚು ಸುಂಕ ತೆತ್ತು ಹೋಗಬೇಕಾಗಿತ್ತು. ಆ ಸುಂಕವೊಂದೇ ನಾವು ಲೆಕ್ಕ ಹಾಕಿದ ಟೀ ಶರ್ಟಿನ ಹೊಲಿಗೆಯ ಕೂಲಿಗೆ ಹತ್ತಿರ ಬರುತ್ತದೆ. ಅತ್ತ ವಿಯೆಟ್ನಾಂ ನೋಡಿ. ಅಲ್ಲಿನ ನಗರಗಳ ಕನಿಷ್ಠ ಕೂಲಿ ಬೆಂಗಳೂರಿಗಿಂತ ಹೆಚ್ಚು, ಆದರೂ ಅದರ ಉಡುಪು ರಫ್ತು ಇಡೀ ಭಾರತದ ಎರಡರಷ್ಟಿದೆ. ಅದಕ್ಕಿಂತಲೂ ಹೆಚ್ಚು ಕೂಲಿ ಕೊಡುವ ಚೀನಾ ಇಂದಿಗೂ ಎಲ್ಲರಿಗಿಂತ ಮುಂದಿದೆ. ಕಡಿಮೆ ಕೂಲಿಯೇ ಗೆಲುವಿನ ಕೀಲಿಯಾಗಿದ್ದರೆ ಹೀಗಾಗುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಭತ್ಯೆಯ 54 ಪೈಸೆ ಸರಿ, ಆದರೆ ಬೆಂಗಳೂರಿನಲ್ಲಿ ಒಂದು ಸಂಸಾರ ನಡೆಯಲು ಬೇಕಾದ 20,000 ರೂಪಾಯಿ ಕೂಲಿ ಕೊಟ್ಟರೆ? ಆಗ ಹೊಲಿಗೆಯ ಪಾಲೇ ಟೀ ಶರ್ಟಿಗೆ 9 ರೂಪಾಯಿ ಏರುತ್ತದೆ, ಉಳಿದ ವಿಭಾಗಗಳನ್ನೂ ಪಿಎಫ್ ಮುಂತಾದವನ್ನೂ ಸೇರಿಸಿದರೆ ಹದಿನಾರರ ಹತ್ತಿರ. 150 ರೂಪಾಯಿಗೆ ಮಾಡಿ ಹತ್ತು ಹದಿನೈದು ಲಾಭಕ್ಕೆ ಮಾರುವವನಿಗೆ ಅಷ್ಟನ್ನು ಒಬ್ಬನೇ ಹೊರಲು ಆಗದು. ಇದು ನಿಜ, ಒಪ್ಪಲೇಬೇಕು. ಆದರೆ ಕಾರ್ಯಕ್ಷಮತೆ 65ಕ್ಕೆ ಏರಿದರೆ ಆ 9 ರೂಪಾಯಿ 3ಕ್ಕೆ ಇಳಿಯುತ್ತದೆ. ಒಂದೇ ಸ್ಟೈಲ್ ತಿಂಗಳುಗಟ್ಟಲೆ ನಡೆಯುವ ಸಾದಾ ಉಡುಪಿನಲ್ಲಿ ಅದು ಅಸಾಧ್ಯವೇನಲ್ಲ. ಉಳಿದದ್ದನ್ನು ಕೊಡಬೇಕಾದವರು ಮಾರುವ ಬ್ರಾಂಡು ಮತ್ತು ಕೊಳ್ಳುವ ನಾವು. 300 ರೂಪಾಯಿಯ ಟೀ ಶರ್ಟ್ 310 ಆದರೆ ಯಲಹಂಕದಲ್ಲಿ ಯಾರೂ ಬರಿಮೈಯಲ್ಲಿ ತಿರುಗುವುದಿಲ್ಲ. ಹೊರದೇಶದ ಅಂಗಡಿಯಲ್ಲಿ ಹತ್ತು ಡಾಲರಿಗೆ ಮಾರುವ ಟೀ ಶರ್ಟಿನಲ್ಲಿ ಕಾರ್ಖಾನೆಗೆ ಸೇರುವುದು ಸಾಮಾನ್ಯವಾಗಿ ಕಾಲುಭಾಗದ ಆಸುಪಾಸು ಎಂಬುದನ್ನು ಗಮನಿಸಿದರೆ, ರಫ್ತಿನಲ್ಲಿ ಆ ಹದಿನಾರು ರೂಪಾಯಿ ಇನ್ನೂ ಸಣ್ಣದಾಗುತ್ತದೆ.

ಮೂರನೆಯವರು ಹೇಳುವುದು: ಬೆಂಗಳೂರು ದುಬಾರಿಯಾಯಿತು, ಕಾರ್ಖಾನೆಗಳು ಹೊರಗೆ ಹೋಗುತ್ತಿವೆ, ಕೂಲಿ ಏರಿಸಿದರೆ ಇನ್ನೂ ಬೇಗ ಹೋಗುತ್ತವೆ. ಹೋಗುತ್ತಿರುವುದು ಹೌದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ, ಹೆಬ್ಬಾಳದ ಬಳಿ ಮಾನ್ಯತಾದಂಥ ಟೆಕ್ ಪಾರ್ಕುಗಳು ಎದ್ದ ಮೇಲೆ ಉತ್ತರ ಬೆಂಗಳೂರಿನ ನೆಲದ ಬೆಲೆ ಎಲ್ಲಿಗೋ ಹೋಯಿತು. ದೊಡ್ಡಬಳ್ಳಾಪುರದ ಅಪ್ಯಾರಲ್ ಪಾರ್ಕು, ತುಮಕೂರು, ಹಾಸನ, ಮಂಡ್ಯದ ಕಡೆ ಹೊಸ ಘಟಕಗಳು ಬಂದವು. ಭೋಪಾಲ, ರಾಂಚಿಗಳಿಗೂ ಕೆಲಸ ಹೋಯಿತು. ಆದರೆ ಅವುಗಳನ್ನು ಹೊರಗೆ ಎಳೆದದ್ದರಲ್ಲಿ ನೆಲದ ಬೆಲೆ, ಬೇರೆ ರಾಜ್ಯಗಳ ಸಬ್ಸಿಡಿ, ಊರಿನ ಮನೆ ಬಾಡಿಗೆಗೆ ಸಾಲದ ಸಂಬಳ ನೋಡಿ ಹೆಣ್ಣುಮಕ್ಕಳೇ ಬೇರೆ ಕೆಲಸ ಹುಡುಕಿಕೊಂಡದ್ದು ಇವೆಲ್ಲ ಸೇರಿವೆ. ಕೂಲಿ ಏರಿಸದೇ ಇದ್ದುದರಿಂದ ಯಾವ ಕಾರ್ಖಾನೆಯೂ ಪೀಣ್ಯದಲ್ಲಿ ಉಳಿದಂತೆ ಕಾಣುವುದಿಲ್ಲ. 2023ರ ಜೂನ್ 11ರಿಂದ ಜಾರಿಗೆ ಬಂದ, ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ ಬಿಎಂಟಿಸಿ ಬಸ್ಸಿನ ಖರ್ಚು ಉಳಿಸಿ ಇವರಲ್ಲಿ ಎಷ್ಟೋ ಹೆಣ್ಣುಮಕ್ಕಳ ಕೈಯಲ್ಲಿ ಬಿಟ್ಟ ಹಣ ಆ 417 ರೂಪಾಯಿಗಿಂತ ಹೆಚ್ಚು ಎಂಬುದನ್ನು ಇಲ್ಲಿ ಹೇಳಲೇಬೇಕು. ಉದ್ಯಮ ಕೊಡದಿದ್ದನ್ನು ಸಾರ್ವಜನಿಕ ಖಜಾನೆ ಕೊಟ್ಟಿದೆ.

ಯಶವಂತಪುರದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಕಥೆಯೂ ಇದೇ ಕಡೆ ಬೆರಳು ತೋರಿಸುತ್ತದೆ. 2007ರಲ್ಲಿ ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್ ಷೇರಿಗೆ 275 ರೂಪಾಯಿ ಕೊಟ್ಟು ಅದರ ಹಿಡಿತ ಪಡೆಯಿತು. ಹತ್ತು ವರ್ಷ ಕಳೆದು 2017ರಲ್ಲಿ ತನ್ನ ದೊಡ್ಡ ಪಾಲನ್ನು ಮಾರಿದ್ದು 42 ರೂಪಾಯಿಗೆ. ಆ ಹತ್ತು ವರ್ಷ ಕೂಲಿ ಇವತ್ತಿಗಿಂತ ಕಡಿಮೆಯೇ ಇತ್ತು. ಆದರೂ ಜಗತ್ತಿನ ಎಲ್ಲ ಬಂಡವಾಳಬಲದಿಂದಲೂ ಲಾಭ ಹುಟ್ಟಲಿಲ್ಲ. ಮುಂದಿನ ಏಳು ವರ್ಷಗಳಲ್ಲಿ ಕನಿಷ್ಠ ಕೂಲಿ ಏರುತ್ತಲೇ ಹೋಯಿತು. ಹೊಸ ಆಡಳಿತದ ಕೈಯಲ್ಲಿ 2024ರ ಹೊತ್ತಿಗೆ ಅದೇ ಷೇರು 800 ರೂಪಾಯಿ ದಾಟಿತ್ತು. ಕಂಪನಿ ಹೆಚ್ಚಾಗಿ ಮಾಡುವುದು ಜಾಕೆಟ್ಟಿನಂಥ ಕಷ್ಟದ ಉಡುಪು, ಚೀನಾದಿಂದ ಆರ್ಡರ್‌ಗಳು ಚದುರಿದ ಲಾಭವೂ ಅದಕ್ಕೆ ಸಿಕ್ಕಿತು, ಆದ್ದರಿಂದ ಇದನ್ನು ಸಾದಾ ಉಡುಪಿಗೆ ನೇರ ಪುರಾವೆ ಎಂದು ನಾನು ಹೇಳುವುದಿಲ್ಲ. ಕೂಲಿ ಕಡಿಮೆಯಿದ್ದಾಗ ಸೊರಗಿ, ಏರಿದಾಗ ಚೇತರಿಸಿಕೊಂಡ ಕಂಪನಿಯ ಭವಿಷ್ಯವನ್ನು ಕೂಲಿ ತೀರ್ಮಾನಿಸಲಿಲ್ಲ ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ನಿಜವಾದ ಹಣ ಇರುವುದು ಆ ಮೂರನೇ ಎರಡು ಭಾಗದ ಬಟ್ಟೆಯಲ್ಲಿ. ಕರ್ನಾಟಕ ಹತ್ತಿ ಬೆಳೆಯುತ್ತದೆ, ಬೆಂಗಳೂರು ಉಡುಪು ಹೊಲಿಯುತ್ತದೆ. ನಡುವಿನ ನೂಲುವ, ಹೆಣೆಯುವ, ಬಣ್ಣ ಹಾಕುವ ಕೆಲಸದ ಬಹುಪಾಲು ತಿರುಪ್ಪೂರು, ಕೊಯಮತ್ತೂರಿನ ಕಡೆ ನಡೆಯುತ್ತದೆ. ಹತ್ತಿ ಒಮ್ಮೆ ಹೊರಗೆ ಹೋಗಿ ಬಟ್ಟೆಯಾಗಿ ಮತ್ತೆ ತುಮಕೂರು ರಸ್ತೆಗೆ ಬರುವ ಹೊತ್ತಿಗೆ ಲಾರಿ ಬಾಡಿಗೆ, ಕಾಯುವ ದಿನಗಳು, ನಡುವಿನವರ ಪಾಲು ಎಲ್ಲ ಸೇರಿಕೊಂಡಿರುತ್ತವೆ. ಬಟ್ಟೆ ಬರುವುದು ಎರಡು ದಿನ ತಡವಾದರೆ ಬ್ಯಾಚು ಖಾಲಿ ಕೂರುತ್ತದೆ, ನಂತರ ಆ ನಷ್ಟವನ್ನು ಓಟಿಯಲ್ಲಿ, ಏರಿಸಿದ ಟಾರ್ಗೆಟ್‌ನಲ್ಲಿ ಹೆಣ್ಣುಮಕ್ಕಳಿಂದ ವಸೂಲು ಮಾಡಲಾಗುತ್ತದೆ. ಗಿಲ್ಡನ್ ನೂಲಿನಿಂದ ಹೊಲಿಗೆಯವರೆಗೆ ಎಲ್ಲವನ್ನೂ ಒಂದೇ ಕೈಯಲ್ಲಿ ಇಟ್ಟುಕೊಂಡದ್ದು ಈ ಸೋರಿಕೆಯನ್ನು ತಡೆಯಲೆಂದೇ. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳಲ್ಲಿ ಒಂದು ಕಲಬುರಗಿಗೆ ಬಂದಿದೆ. ನೂಲಿನಿಂದ ಸಿದ್ಧ ಉಡುಪಿನವರೆಗೆ ಎಲ್ಲ ಒಂದೇ ಆವರಣದಲ್ಲಿ ಎಂಬುದು ಅದರ ಯೋಜನೆ, ಸುತ್ತಲೂ ಹತ್ತಿಯ ಹೊಲಗಳಿವೆ. ಅಂಥ ಪಾರ್ಕನ್ನು ಕೂಲಿ ಇನ್ನೂ ಕಡಿಮೆಯಿರುವ ಇನ್ನೊಂದು ಊರು ಎಂದು ಮಾತ್ರ ನೋಡಿ ಬರಿಯ ಹೊಲಿಗೆ ಶೆಡ್ಡುಗಳನ್ನು ಅಲ್ಲಿಗೆ ಸಾಗಿಸಿದರೆ ಪೀಣ್ಯದ ತಪ್ಪೇ ಅಲ್ಲೂ ಆಗುತ್ತದೆ. ಕೂಲಿ ಉಳಿಸಿ ಉದ್ಯಮ ಉಳಿಸುತ್ತೇವೆ ಎನ್ನುವವರು ಇನ್ನೊಂದು ಲೆಕ್ಕವನ್ನೂ ನೋಡಲಿ: 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ ಶೇಕಡಾ 50ರ ಹೆಚ್ಚುವರಿ ಸುಂಕ ಹೇರಿತು. ನಮ್ಮ ಟೀ ಶರ್ಟಿನ ಲೆಕ್ಕದಲ್ಲಿ ಅದು 75 ರೂಪಾಯಿಗೂ ಹೆಚ್ಚು. ಹೊಲಿಯುವವರಿಗೆ ಒಂದು ಪೈಸೆಯೂ ಕೊಡದೆ ಬಿಟ್ಟಿದ್ದರೂ ಅದರಲ್ಲಿ ಕಾಲುಭಾಗ ತುಂಬುತ್ತಿರಲಿಲ್ಲ.